ಮಗಳು ಓದಲಿ, ನಾವು ಕೇಳೋಣ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಎಲ್ಲ ಕಡೆ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಾರೆ. 2019ರಲ್ಲಿ ನಮ್ಮ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು.

ಆದರೂ ಇಂಗ್ಲಿಷ್ ಅಂದರೆ ಮಕ್ಕಳಿಗೆ ಭಯ. ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ 100 ಅಂಕದ್ದು. ಬರೆಯುವ ಪರೀಕ್ಷೆಗೆ 80 ಅಂಕ. ಉಳಿದ 20 ಅಂಕ ಶಾಲೆಯಲ್ಲೇ ಕೊಡುತ್ತಾರೆ. ಪರೀಕ್ಷೆಯಲ್ಲಿ ಕೊಟ್ಟದ್ದನ್ನು ಓದಿ, ತಿಳಿದು, ಉತ್ತರ ಬರೆಯಬೇಕು. ಬಾಯಿಪಾಠ ಸಾಲದು.

ನಮಗೆ ಇಂಗ್ಲಿಷ್ ಬರಲ್ಲ, ನಾವೇನು ಮಾಡೋದು ಅನ್ನೋದು ಬೇಡ. ನಾವು ಓದು ಕಲಿತದ್ದು ಹೇಗೆ? ಗಟ್ಟಿಯಾಗಿ ಓದಿದೆವು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಕೇಳಿದೆವು. ಮನೆಯಲ್ಲೂ ಹಾಗೇ ಮಾಡೋಣ.

ದಿನಾ ಸಂಜೆ ಮಗಳು ಒಂದು ಪುಟ ಗಟ್ಟಿಯಾಗಿ ಓದಲಿ. ಎಲ್ಲಿ ತಡವರಿಸಿದಳೋ ಅಲ್ಲಿ ಗೆರೆ ಎಳೆಯಲಿ. ಮಾರನೇ ದಿನ ಮೇಷ್ಟ್ರನ್ನು ಕೇಳಲಿ. ಓದಿದ್ದನ್ನು ನಮಗೆ ಕನ್ನಡದಲ್ಲಿ ಹೇಳಲಿ. ಹೇಳಲು ಬಂದರೆ ತಿಳಿಯಿತು ಅಂತ ಅರ್ಥ.

ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಬಂದರೆ ಐದು ನಿಮಿಷ ಕೇಳಲಿ. ಗೊತ್ತಿರುವ ಮಾತು ಕಿವಿಗೆ ಬಿದ್ದರೆ ಬರೆದುಕೊಳ್ಳಲಿ. ಕೇಳುತ್ತಾ ಕೇಳುತ್ತಾ ಭಯ ಹೋಗುತ್ತದೆ.

ಫೇಲಾದರೂ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಓದು ಬಿಡಿಸೋದು ಬೇಡ. ಮದುವೆ ಮಾತು ತೆಗೆಯೋದು ಬೇಡ. ನಾವು ತಡವಾಗಿ ಕಲಿತೆವು. ಮಗಳ ಓದು ನಡುವೆ ನಿಲ್ಲದಿರಲಿ.