ಆಮೆಮರಿ ಮೇವು ಮುಟ್ಟದಿದ್ದರೆ...

ಗದಗ ಜಿಲ್ಲೆಯ ಲಕ್ಕುಂಡಿಗೆ ಹೋದವರು ಮಾಣಿಕೇಶ್ವರ ದೇವಾಲಯದ ಪಕ್ಕದ ಮುಸುಕಿನ ಬಾವಿಯಲ್ಲಿ ಇಣುಕಿ ನೋಡದೆ ಮರಳುವುದಿಲ್ಲ. ಇಂತಹ ಬಾವಿ, ಕಲ್ಯಾಣಿಗಳು ಸಾಕಲಾರದ ಆಮೆಗಳನ್ನು ಬಿಟ್ಟುಬರುವ ತಾಣಗಳಲ್ಲ. ಆದರೆ ಮನೆಯ ಆಮೆಮರಿ ಉಪವಾಸ ಬಿದ್ದಾಗ ಹಲವರಿಗೆ ಮೊದಲು ಹೊಳೆಯುವ ಉಪಾಯವೇ ಅದು.

ಅಂಗಡಿಗಳಲ್ಲಿ ಮಾರಾಟವಾಗುವ, ಕಣ್ಣಿನ ಹಿಂದೆ ಕೆಂಪು ಪಟ್ಟಿಯುಳ್ಳ ಆಮೆಯ ಮೂಲ ಅಮೆರಿಕದ ಮಿಸಿಸಿಪ್ಪಿ ಕಣಿವೆ. ನಮ್ಮ ಕೆರೆಗೆ ಬಿಟ್ಟರೆ ಇದು ಇಲ್ಲಿನ ಆಮೆಗಳ ಆಹಾರ, ನೆಲೆಗಳಿಗೆ ಪೈಪೋಟಿ ಒಡ್ಡುತ್ತದೆ. ಆದ್ದರಿಂದ ಮರಿಯನ್ನು ಹೊರಹಾಕುವ ಬದಲು ಅದು ಏಕೆ ಉಣ್ಣುತ್ತಿಲ್ಲವೆಂದು ತಿಳಿಯುವುದೇ ಲೇಸು.

ಮೊಟ್ಟೆಯೊಡೆದು ಬಂದ ಮರಿಯ ಒಡಲಲ್ಲಿ ಮೊಟ್ಟೆಯ ಹಳದಿ ಭಾಗದ ಶೇಷವಿರುತ್ತದೆ. ಮೊದಲ ಕೆಲವು ದಿನ ಅದೇ ಬುತ್ತಿ. ಹೊನ್ನಾವರದ ಕಾಸರಕೋಡು ತೀರದಿಂದ ಕಡಲು ಸೇರುವ ಆಲಿವ್ ರಿಡ್ಲೆ ಮರಿಗಳು ಆರಂಭದ ಈಜನ್ನು ಈ ಬಲದಿಂದಲೇ ಮುಗಿಸುತ್ತವೆ. ಹಾಗಾಗಿ ತೀರಾ ಎಳೆಯ ಮರಿ ಮೇವು ಮುಟ್ಟಲಿಲ್ಲವೆಂದು ಗಾಬರಿ ಬೀಳಬೇಕಿಲ್ಲ.

ಅನಂತರವೂ ಉಣ್ಣದಿದ್ದರೆ ಮೊದಲು ನೀರು ಮುಟ್ಟಿ ನೋಡಿ. ಆಮೆ ಶೀತರಕ್ತದ ಪ್ರಾಣಿ. ನೀರು ತಣ್ಣಗಿದ್ದರೆ ಜೀರ್ಣಕ್ರಿಯೆ ಕುಂದಿ ಹಸಿವೇ ಆಗದು. ಮರಿಗಳಿಗೆ ಸುಮಾರು 26ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರು, ಮೈ ಒಣಗಿಸಿಕೊಳ್ಳಲು ಒಂದು ಕಲ್ಲು, ದಿನವೂ ನೇರ ಬಿಸಿಲು ಬೇಕು. ಗಾಜಿನ ಮೂಲಕ ಬಂದ ಬಿಸಿಲು ಸಾಲದು, ಏಕೆಂದರೆ ಚಿಪ್ಪು ಗಟ್ಟಿಯಾಗಲು ನೆರವಾಗುವ ಅತಿನೇರಳೆ ಕಿರಣಗಳನ್ನು ಗಾಜು ತಡೆಯುತ್ತದೆ. ಬಿಸಿಲಿನಲ್ಲಿಟ್ಟಾಗ ಅರ್ಧ ಭಾಗ ನೆರಳಿರಲಿ.

ನೀರಾಮೆ ನೀರಿನೊಳಗೆ ಮಾತ್ರ ನುಂಗಬಲ್ಲದು. ಅಂಗೈಯಲ್ಲಿಟ್ಟು ಉಣಿಸಲು ಹೊರಡುವುದು ವ್ಯರ್ಥ. ಎಳೆಯ ಮರಿಗೆ ಮಾಂಸಾಹಾರವೇ ಹೆಚ್ಚು ಪ್ರಿಯ. ಅಲುಗಾಡುವುದನ್ನು ಕಂಡರೆ ಬೆನ್ನಟ್ಟುತ್ತದೆ. ಚೂರು ಮಾಡಿದ ಎರೆಹುಳುವನ್ನು ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಆಡಿಸಿದರೆ ಬಹುತೇಕ ಮರಿಗಳು ಬಾಯಿ ಹಾಕುತ್ತವೆ. ಬರೀ ಒಣ ಸೀಗಡಿ ಪೂರ್ಣ ಆಹಾರವಲ್ಲ. ಕಣ್ಣು ಊದಿ ಮುಚ್ಚಿದ್ದರೆ ಎ ಜೀವಸತ್ವದ ಕೊರತೆಯಿರಬಹುದು. ಮೇವು ಕಾಣದ ಮರಿ ಉಣ್ಣುವುದೆಂತು? ಆಗ ಪಶುವೈದ್ಯರೇ ಗತಿ.

ಕೆರೆಯಂಚಿನಲ್ಲಿ ಸಿಕ್ಕ ನಾಡಿನ ಮರಿಗಳ ಮಾತು ಬೇರೆ. ನಕ್ಷತ್ರ ಆಮೆ ಸಹಿತ ಹಲವು ಜಾತಿಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದ್ದು, ಸಾಕುವುದು ಜೈಲು ಶಿಕ್ಷೆಗೆ ಅರ್ಹವಾದ ಅಪರಾಧ. ಅವುಗಳನ್ನು ಅಲ್ಲಿಯೇ ಬಿಡಬೇಕು, ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಮರಿಯನ್ನು ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯಿರಿ. ಸಾಲ್ಮೊನೆಲ್ಲಾ ಸೋಂಕಿನ ಭಯದಿಂದಲೇ ಅಮೆರಿಕವು 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು.