ಬುದ್ಧನನ್ನು ಕೆತ್ತಿದ ಉಳಿ ಹಲ್ಲನ್ನೂ ಕೆತ್ತಿತು

ಜಪಾನಿನ ವಾಕಯಾಮಾದಲ್ಲಿ ಗಂಜೋಜಿ ಎಂಬ ಬೌದ್ಧ ದೇವಾಲಯವಿದೆ. ಅದನ್ನು ಕಟ್ಟಿಸಿದವಳು ನಕಾವೊಕಾ ತೇಯಿ ಎಂಬ ಸನ್ಯಾಸಿನಿ. ಜನ ಆಕೆಯನ್ನು ಹೊತೊಕೆಹಿಮೆ, ಅಂದರೆ ಬುದ್ಧನ ರಾಜಕುಮಾರಿ, ಎಂದು ಕರೆಯುತ್ತಿದ್ದರು. 1538ರಲ್ಲಿ ತೀರಿಕೊಂಡ ಈ ತಾಯಿಯದೆಂದು ಉಳಿದುಬಂದಿರುವ ವಸ್ತುಗಳಲ್ಲಿ ಒಂದು ಹಲ್ಲಿನ ಸೆಟ್ ಇದೆ. ಮೇಲ್ದವಡೆಯ ಪೂರ್ತಿ ಸೆಟ್. ಮರದ್ದು. ಅಂಗುಳಕ್ಕೆ ಕೂರುವ ಭಾಗ, ವಸಡಿನ ಉಬ್ಬು, ಹಲ್ಲುಗಳ ಸಾಲು ಎಲ್ಲವನ್ನೂ ಒಂದೇ ತುಂಡು ಮರದಲ್ಲಿ ಬಿಡಿಸಿದ್ದಾರೆ. ಜೋಡಣೆ ಇಲ್ಲ, ತಂತಿ ಇಲ್ಲ, ಸ್ಪ್ರಿಂಗ್ ಇಲ್ಲ. ದವಡೆಹಲ್ಲಿನ ಜಾಗ ಸವೆದಿದೆ. ಎಂದರೆ ಅದು ಪೂಜೆಗಿಟ್ಟ ವಸ್ತುವಲ್ಲ, ಆಕೆ ಅದರಲ್ಲಿ ಅಗಿದು ಉಂಡಿದ್ದಾಳೆ.

ಕಟ್ಟಿಸಿದ ಹಲ್ಲಿನ ಚರಿತ್ರೆ ಓದುತ್ತಾ ಹೋದಾಗ ಸಿಕ್ಕಿದ ಈ ಒಂದು ಸಂಗತಿ ನನ್ನನ್ನು ಬಿಡದೆ ಹಿಡಿದುಕೊಂಡಿತು. ಏಕೆಂದರೆ ದಂತವೈದ್ಯದ ಚರಿತ್ರೆ ಬರೆಯುವವರು ಬಹುತೇಕ ಪ್ಯಾರಿಸ್‌ನಿಂದ ಹೊರಡುತ್ತಾರೆ. 1728ರಲ್ಲಿ ಪಿಯರ್ ಫೋಶಾರ್ ಬರೆದ ದೊಡ್ಡ ಗ್ರಂಥ, ಆಮೇಲೆ ಪಿಂಗಾಣಿ ಹಲ್ಲು, ಆಮೇಲೆ ಅಮೆರಿಕ. ಸನ್ಯಾಸಿನಿಯ ಸೆಟ್ ಒಂದು ಅಡಿಟಿಪ್ಪಣಿ. ಆದರೆ ಅಸಲು ಪ್ರಶ್ನೆ ಹಲ್ಲನ್ನು ಯಾವುದರಿಂದ ಮಾಡಿದರು ಎನ್ನುವುದಲ್ಲ. ಅದು ಬಾಯಲ್ಲಿ ನಿಂತಿತೇ ಎನ್ನುವುದು. ಬೇರಿಲ್ಲದ ಹಲ್ಲು, ಮೆತ್ತನೆಯ ಒದ್ದೆ ವಸಡಿನ ಮೇಲೆ, ನಾಲಿಗೆ ಕೆನ್ನೆಗಳು ಇಡೀ ದಿನ ತಳ್ಳಾಡುವ ಜಾಗದಲ್ಲಿ, ಮಾತಿಗೂ ಊಟಕ್ಕೂ ಜಾರದೆ, ಚುಚ್ಚದೆ ಕೂರಬೇಕು. ಈ ಪ್ರಶ್ನೆಗೆ ಸರಿಯಾದ ಉತ್ತರ ಮೊದಲು ಸಿಕ್ಕಿದ್ದು ಜಪಾನಿನ ಮರಗೆತ್ತನೆಯವರಿಗೆ.

ಅವರು ಬಳಸುತ್ತಿದ್ದುದು ತ್ಸುಗೆ ಮರ. ನಿಧಾನವಾಗಿ ಬೆಳೆಯುವ, ಎಳೆ ಎದ್ದು ಕಾಣದಷ್ಟು ಒತ್ತಾದ ಮರ. ಜಪಾನಿನಲ್ಲಿ ಬಾಚಣಿಗೆಗೂ ಮುದ್ರೆಗೂ ಅದೇ ಬೇಕು. ಮೊದಲು ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಜೇನುಮೇಣವನ್ನು ಬಾಯಿಗಿಟ್ಟು ಒತ್ತಿ ಅಚ್ಚು ತೆಗೆಯುವುದು. ಆ ಅಚ್ಚು ನೋಡಿಕೊಂಡು ಮರವನ್ನು ಒರಟಾಗಿ ಕೆತ್ತುವುದು. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ವಸಡಿಗೆ ಕೆಂಪು ಬಣ್ಣ ಸವರಿ, ಕೆತ್ತಿದ ಮರವನ್ನು ಬಾಯೊಳಗೆ ಕೂರಿಸಿ, ಹೊರತೆಗೆದು ನೋಡುತ್ತಿದ್ದರು. ಬಣ್ಣ ಅಂಟಿದ ಕಡೆ ಮರ ಉಬ್ಬಿದೆ, ಅಷ್ಟನ್ನು ಮಾತ್ರ ಹೆರೆಯಬೇಕು. ಮತ್ತೆ ಬಣ್ಣ, ಮತ್ತೆ ಬಾಯಿ, ಮತ್ತೆ ಉಳಿ. ಅಲ್ಲೊಂದು ಇಲ್ಲೊಂದು ಚುಕ್ಕೆ ಕಾಣುವ ಬದಲು ಇಡೀ ಅಂಗುಳದ ಉದ್ದಗಲಕ್ಕೂ ಬಣ್ಣ ಸಮನಾಗಿ ಹತ್ತುವ ತನಕ ಇದೇ ನಡೆಯುತ್ತಿತ್ತು. ಹಲ್ಲು ಹಾಕಿಸಿಕೊಳ್ಳುವವರೂ ಮಾಡುವವರೂ ಎದುರು ಬದುರು ಕುಳಿತೇ ಇರಬೇಕಾದ ಕೆಲಸ ಇದು.

ಈ ಕಸುಬನ್ನು ಮೊದಲು ಕೈಗೆತ್ತಿಕೊಂಡವರು ಬುದ್ಧನ ವಿಗ್ರಹ ಕೆತ್ತುವ ಶಿಲ್ಪಿಗಳು ಎಂದು ಜಪಾನಿನ ಇತಿಹಾಸಕಾರರು ಹೇಳುತ್ತಾರೆ. ನನಗೆ ಇದು ಸಹಜವಾಗಿಯೇ ತೋರುತ್ತದೆ. ತುಟಿಯ ತಿರುವನ್ನೂ ರೆಪ್ಪೆಯ ಇಳುಕಲನ್ನೂ ಮರದಲ್ಲಿ ತರಬಲ್ಲ ಕೈಗೆ ಅಂಗುಳದ ಏರಿಳಿತ ಹೊಸದಲ್ಲ. ಕ್ರಮೇಣ ಹಲ್ಲು ಕಟ್ಟುವವರದೇ ಪ್ರತ್ಯೇಕ ಕಸುಬಾಯಿತು. ಶೋಗುನ್‌ಗಳಿಗೆ ಕತ್ತಿವರಸೆ ಕಲಿಸುತ್ತಿದ್ದ ಮನೆತನದ ಯಾಗ್ಯೂ ಮುನೆಫುಯು 1675ರಲ್ಲಿ ತೀರಿಕೊಂಡ. ಇಪ್ಪತ್ತನೆಯ ಶತಮಾನದಲ್ಲಿ ಟೋಕಿಯೊದ ದೇವಾಲಯವೊಂದರಲ್ಲಿ ಅವನ ಸಮಾಧಿ ತೆಗೆದಾಗ ಮೇಲಿನ, ಕೆಳಗಿನ ಎರಡೂ ಸೆಟ್ ಸಿಕ್ಕಿದವು. ತಳ ತ್ಸುಗೆ ಮರದ್ದು, ಹಲ್ಲುಗಳು ಮೆದುಕಲ್ಲಿನವು. ಇಂಥ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ಹಲ್ಲಿಗೆ ಕಲ್ಲು, ಎಲುಬು, ದಂತ. ಹಿಂದೆ ಅಗಿಯುವ ಜಾಗದಲ್ಲಿ ಮರ ಸವೆಯದಿರಲೆಂದು ತಾಮ್ರದ ಅಥವಾ ಕಬ್ಬಿಣದ ಸಣ್ಣ ಮೊಳೆಗಳು. ಮದುವೆಯಾದ ಹೆಂಗಸರು ಹಲ್ಲು ಕಪ್ಪು ಮಾಡಿಕೊಳ್ಳುವ ರೂಢಿ ಅಲ್ಲಿತ್ತು. ಅವರಿಗಾಗಿ ಕರಿಮರದ ಹಲ್ಲನ್ನೇ ಕೂರಿಸಿದ ಸೆಟ್‌ಗಳೂ ಇವೆ.

ಅದೇ ಕಾಲದ ಯುರೋಪಿನಲ್ಲಿ ನಡೆದದ್ದು ನೋಡಿದರೆ ಸಂಕಟವಾಗುತ್ತದೆ. ಮೇಲಿನ ಸೆಟ್ ಬೀಳದಂತೆ ಹಿಡಿಯಲು ಫೋಶಾರ್ ಅದನ್ನು ಉಕ್ಕಿನ ಸ್ಪ್ರಿಂಗಿನಿಂದ ಕೆಳಗಿನದಕ್ಕೆ ಜೋಡಿಸಿದ. ಸ್ಪ್ರಿಂಗ್ ಸದಾ ಬಾಯಿ ತೆರೆಸಲು ನೋಡುತ್ತದೆ, ಹಾಕಿಕೊಂಡವರು ಸದಾ ಅದನ್ನು ಅದುಮಿ ಹಿಡಿದಿರಬೇಕು. ಈ ಶಿಕ್ಷೆಯನ್ನು ಅನುಭವಿಸಿದವರಲ್ಲಿ ಎಲ್ಲರಿಗೂ ಗೊತ್ತಿರುವವರು ಜಾರ್ಜ್ ವಾಷಿಂಗ್ಟನ್. 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಳ್ಳುವಾಗ ಅವರ ಬಾಯಲ್ಲಿ ಸ್ವಂತದ್ದೆಂದು ಉಳಿದಿದ್ದುದು ಒಂದೇ ಹಲ್ಲು. ನ್ಯೂಯಾರ್ಕಿನ ಜಾನ್ ಗ್ರೀನ್‌ವುಡ್ ನೀರ್ಗುದುರೆಯ ದಂತದಲ್ಲಿ ಸೆಟ್ ಕೆತ್ತಿ, ಆ ಒಂಟಿ ಹಲ್ಲು ತೂರಲು ತೂತು ಬಿಟ್ಟು, ಸುರುಳಿ ಸ್ಪ್ರಿಂಗ್ ಹಾಕಿ ಕೊಟ್ಟ. ಸೆಟ್ ತಮ್ಮ ತುಟಿಗಳನ್ನು ಮುಂದಕ್ಕೆ ಉಬ್ಬಿಸುತ್ತಿದೆ ಎಂದು ವಾಷಿಂಗ್ಟನ್ ಅವನಿಗೆ ಪತ್ರದಲ್ಲಿ ದೂರಿದ್ದಾರೆ. ಗಿಲ್ಬರ್ಟ್ ಸ್ಟುವರ್ಟ್ ಬಿಡಿಸಿದ 1796ರ ಭಾವಚಿತ್ರದಲ್ಲಿ ಆ ಬಿಗಿದ ಬಾಯಿ ಕಾಣುತ್ತದೆ. ವಾಷಿಂಗ್ಟನ್‌ಗೆ ಮರದ ಹಲ್ಲಿತ್ತೆಂಬ ಕಥೆ ಇಂದಿಗೂ ಮಕ್ಕಳ ಪುಸ್ತಕಗಳಲ್ಲಿದೆ, ಅದು ಸುಳ್ಳು. ಅವರ ಸೆಟ್‌ಗಳಲ್ಲಿ ದಂತ, ಸೀಸ, ಹಸುವಿನ ಹಲ್ಲು, ಮನುಷ್ಯರ ಹಲ್ಲು ಎಲ್ಲವೂ ಇದ್ದವು. 1784ರ ಅವರ ಲೆಕ್ಕದ ಪುಸ್ತಕದಲ್ಲಿ ಒಂಬತ್ತು ಹಲ್ಲುಗಳಿಗಾಗಿ ಕಪ್ಪು ಜನರಿಗೆ 122 ಷಿಲಿಂಗ್ ಕೊಟ್ಟ ನಮೂದಿದೆ. ಗುಲಾಮರಾಗಿದ್ದವರ ಬಾಯಿಂದ ಕಿತ್ತ ಹಲ್ಲುಗಳು ಅವು. ಈ ಚರಿತ್ರೆಯಲ್ಲಿ ಆ ನಮೂದನ್ನು ದಾಟಿ ಮುಂದಕ್ಕೆ ಹೋಗುವುದು ಕಷ್ಟ.

ವಾಷಿಂಗ್ಟನ್ 1799ರಲ್ಲಿ ತೀರಿಕೊಂಡರು. ಮಾರನೆಯ ವರ್ಷವೇ ಫಿಲಡೆಲ್ಫಿಯಾದಲ್ಲಿ, ಫ್ರಾನ್ಸ್‌ನಿಂದ ಬಂದು ನೆಲೆಸಿದ್ದ ಜೇಮ್ಸ್ ಗಾರ್ಡೆಟ್ ಎಂಬ ದಂತವೈದ್ಯ ಒಬ್ಬ ಮಹಿಳೆಗೆ ಸೆಟ್ ಮಾಡಿಕೊಟ್ಟ. ಸ್ಪ್ರಿಂಗ್ ಆಮೇಲೆ ಹಾಕುತ್ತೇನೆ, ಅಲ್ಲಿಯ ತನಕ ಹೀಗೇ ಹಾಕಿಕೊಂಡು ರೂಢಿ ಮಾಡಿಕೊಳ್ಳಿ ಎಂದು ಹೇಳಿ ಹೋದವನು ತಿಂಗಳುಗಟ್ಟಲೆ ಆ ಕಡೆ ಬರಲಿಲ್ಲ. ಕೊನೆಗೆ ಸ್ಪ್ರಿಂಗ್ ಹಿಡಿದು ಬಂದಾಗ ಆಕೆ ಅದು ಬೇಕಿಲ್ಲ ಎಂದಳು. ಮೊದಲೆರಡು ದಿನ ತೊಂದರೆಯಾಗಿತ್ತಂತೆ, ಆಮೇಲೆ ಮೇಲಿನದು ತಾನಾಗಿಯೇ ಅಂಟಿ ನಿಂತಿತ್ತು. ಗಾರ್ಡೆಟ್‌ಗೆ ಹೊಳೆಯಿತು: ಸೆಟ್ ಅಂಗುಳಕ್ಕೆ ಸಂದಿಲ್ಲದಂತೆ ಕೂತರೆ ಗಾಳಿಯ ಒತ್ತಡವೇ ಅದನ್ನು ಹಿಡಿಯುತ್ತದೆ. ದಂತವೈದ್ಯದ ಇತಿಹಾಸ ಬರೆದವರೆಲ್ಲ ಈ ಪ್ರಸಂಗವನ್ನು ಸಂಭ್ರಮದಿಂದ ಹೇಳುತ್ತಾರೆ, ಹೇಳಲಿ. ಗಾರ್ಡೆಟ್‌ನ ದೊಡ್ಡತನ ಆ ಮಹಿಳೆಯ ಮಾತನ್ನು ಕೇಳಿಸಿಕೊಂಡದ್ದರಲ್ಲಿದೆ. ಆದರೆ ಗಂಜೋಜಿಯ ಸನ್ಯಾಸಿನಿ ಅಂಥ ಸೆಟ್ ಹಾಕಿಕೊಂಡು ಆಗಲೇ ಎರಡೂವರೆ ಶತಮಾನ ದಾಟಿತ್ತು.

ಹಿಡಿತದ ಗುಟ್ಟನ್ನು ಲೆಕ್ಕಕ್ಕೆ ಇಳಿಸಿದವರು ವಿಯೆನ್ನಾದ ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್, 1874ರಲ್ಲಿ. ಅವರಿಗೆ ಹಲ್ಲಿನ ಚಿಂತೆ ಇರಲಿಲ್ಲ. ನಡುವೆ ದ್ರವದ ತೆಳುಪೊರೆ ಇರುವ ಎರಡು ತಟ್ಟೆಗಳನ್ನು ಬಿಡಿಸಲು ಎಷ್ಟು ಬಲ ಬೇಕು ಎಂಬುದು ಅವರ ಪ್ರಶ್ನೆ. ಒದ್ದೆಯಾದ ಎರಡು ಗಾಜಿನ ಹಾಳೆಗಳನ್ನು ಬೇರ್ಪಡಿಸಲು ಒದ್ದಾಡಿದವರಿಗೆ ಇದು ಗೊತ್ತು. ಪೊರೆಯ ದಪ್ಪ ಅರ್ಧಕ್ಕಿಳಿದರೆ, ಅದೇ ವೇಗದಲ್ಲಿ ಬಿಡಿಸಲು 8 ಪಟ್ಟು ಬಲ ಬೇಕು. ತಟ್ಟೆಯ ಅಗಲ ಎರಡರಷ್ಟಾದರೆ 16 ಪಟ್ಟು. ಹಲ್ಲಿನ ಸೆಟ್‌ನಲ್ಲಿ ಆ ಪೊರೆ ಎಂದರೆ ಜೊಲ್ಲು. ಕೂದಲೆಳೆಯಷ್ಟು ಸಂದು ಹೆಚ್ಚಾದರೂ ಹಿಡಿತ ಎಷ್ಟು ಬೇಗ ಕುಸಿಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಕೆಂಪು ಬಣ್ಣ ಹಚ್ಚಿ ಮತ್ತೆ ಮತ್ತೆ ಹೆರೆಯುತ್ತಿದ್ದ ಆ ಕೆತ್ತನೆಗಾರ ಈ ಸಮೀಕರಣವನ್ನು ಕೈಯಿಂದಲೇ ಬಿಡಿಸುತ್ತಿದ್ದ.

ಇಷ್ಟು ಗೊತ್ತಾದ ಮೇಲೂ ಪಶ್ಚಿಮದಲ್ಲಿ ಅಡ್ಡದಾರಿ ತುಳಿದವರಿದ್ದರು. ಅಂಗುಳದ ಕಡೆ ಸೆಟ್‌ಗೆ ಗುಳಿ ತೋಡಿ ಹೀರುವಂತೆ ಮಾಡಿದರು. ಕಾಲ ಕಳೆದಂತೆ ಬಾಯಿಯ ಮಾಂಸವೇ ಬೆಳೆದು ಆ ಗುಳಿಯನ್ನು ತುಂಬಿತು. ರಬ್ಬರಿನ ಹೀರುಬಿಲ್ಲೆ ಅಂಟಿಸಿದರು. ವರ್ಷಗಟ್ಟಲೆ ಅದನ್ನು ಹಾಕಿಕೊಂಡ ಕೆಲವರ ಅಂಗುಳವೇ ತೂತು ಬಿದ್ದಿತು.

1840ರ ದಶಕದಲ್ಲಿ ನೈಟ್ರಸ್ ಆಕ್ಸೈಡ್, ಈಥರ್ ಬಂದು ನೋವಿಲ್ಲದೆ ಹಲ್ಲು ಕೀಳುವುದು ಸಾಧ್ಯವಾಯಿತು. ಬೋಳುಬಾಯಿಗಳು ಹೆಚ್ಚಿದವು. ಸರಿಯಾಗಿ ಅದೇ ಹೊತ್ತಿಗೆ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ರಬ್ಬರನ್ನು ಹದಗೊಳಿಸಿದ. ಅವನ ತಮ್ಮ ನೆಲ್ಸನ್ 1851ರಲ್ಲಿ ಗಟ್ಟಿ ರಬ್ಬರ್ ಮಾಡಿದ. ಬಾಯಿಯ ಪ್ಲಾಸ್ಟರ್ ಅಚ್ಚಿನ ಮೇಲೆ ನೇರವಾಗಿ ಒತ್ತಿ ಬೇಯಿಸಬಹುದಾದ ಈ ವಲ್ಕನೈಟ್ ಅಗ್ಗವಾಗಿತ್ತು, ಅಂಗುಳಕ್ಕೆ ಚೆನ್ನಾಗಿ ಕೂರುತ್ತಿತ್ತು. ಬಡವರಿಗೂ ಹಲ್ಲು ಸಿಗುವ ಕಾಲ ಬಂದಿತೆನ್ನುವಾಗ ಜಗಳ ಎದ್ದಿತು. 1864ರಲ್ಲಿ ಜಾನ್ ಕಮ್ಮಿಂಗ್ಸ್ ಪಡೆದ ಪೇಟೆಂಟ್ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿಯ ಕೈಸೇರಿತು. ಅದರ ಖಜಾಂಚಿ ಜೊಸಾಯಾ ಬೇಕನ್ ಲೈಸೆನ್ಸ್ ಶುಲ್ಕ ಕಟ್ಟದ ದಂತವೈದ್ಯರನ್ನೆಲ್ಲ ಹುಡುಕಿ ಹುಡುಕಿ ಕೋರ್ಟಿಗೆಳೆದ. ಅಮೆರಿಕದ ಸುಪ್ರೀಂ ಕೋರ್ಟ್ 1877ರಲ್ಲಿ ಪೇಟೆಂಟನ್ನೇ ಎತ್ತಿ ಹಿಡಿಯಿತು. ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ ಊರು ಬಿಟ್ಟು ಊರಿಗೆ ಹೋದರೂ ದಾವೆ ಬೆನ್ನು ಬಿಡಲಿಲ್ಲ. 1879ರ ಏಪ್ರಿಲ್ 13, ಈಸ್ಟರ್ ಭಾನುವಾರ, ಸ್ಯಾನ್ ಫ್ರಾನ್ಸಿಸ್ಕೊದ ಬಾಲ್ಡ್‌ವಿನ್ ಹೋಟೆಲಿನ ಕೋಣೆಯಲ್ಲಿ ಚಾಲ್ಫಂಟ್ ಬೇಕನ್‌ನನ್ನು ಗುಂಡಿಟ್ಟು ಕೊಂದ. ಎರಡು ವರ್ಷದಲ್ಲಿ ಪೇಟೆಂಟ್ ಅವಧಿಯೂ ಮುಗಿಯಿತು.

ಇತ್ತ ಜಪಾನಿನಲ್ಲಿ ಬೇರೆ ಬಗೆಯ ಅಂತ್ಯ. 1860ರಲ್ಲಿ ಅಮೆರಿಕದ ದಂತವೈದ್ಯ ಈಸ್ಟ್‌ಲೇಕ್ ಯೋಕೊಹಾಮಕ್ಕೆ ಬಂದಿಳಿದ. 1875ರಲ್ಲಿ ಒಬಾಟಾ ಏಯಿನೊಸುಕೆ ಪರವಾನಗಿ ಪಡೆದ ಮೊದಲ ಜಪಾನೀ ದಂತವೈದ್ಯನಾದ. 1906ರಲ್ಲಿ ದಂತವೈದ್ಯರ ಕಾಯ್ದೆ ಬಂದಿತು. ಕಾಲೇಜಿನಲ್ಲಿ ಓದಿದವರು ಮೇಲೆ ಬಂದರು, ಮರ ಕೆತ್ತುವವರು ಮೂಲೆಗೆ ಸರಿದರು. ಕಾಯ್ದೆ ಬೇಕಿತ್ತು, ಕೊಳೆತ ಬೇರನ್ನೂ ಸೋಂಕನ್ನೂ ಉಳಿಯಿಂದ ಗುಣಪಡಿಸಲಾಗದು. ಆದರೆ ಅವರಿಂದ ಕಲಿಯಬೇಕಾದ್ದನ್ನು ಕಲಿತು ಆಮೇಲೆ ಬಾಗಿಲು ಮುಚ್ಚಬಹುದಿತ್ತಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ 1948ರ ದಂತವೈದ್ಯರ ಕಾಯ್ದೆ ಈ ವಿಷಯದಲ್ಲಿ ಸ್ವಲ್ಪ ಉದಾರವಾಗಿತ್ತು. ಪದವಿ ಇಲ್ಲದಿದ್ದರೂ ಐದು ವರ್ಷ ಈ ಕೆಲಸದಿಂದಲೇ ಬದುಕಿದವರಿಗೆ ನೋಂದಣಿಯ 'ಬಿ' ಭಾಗದಲ್ಲಿ ಜಾಗ ಕೊಟ್ಟಿತು. ಕೋಲ್ಕತ್ತ, ಮುಂಬೈಗಳಂತೆ ಬೆಂಗಳೂರಿನಲ್ಲೂ ಚೀನೀ ಮೂಲದ ಕುಟುಂಬಗಳು ತಂದೆಯಿಂದ ಮಗನಿಗೆ ಹಲ್ಲು ಕಟ್ಟುವ ವಿದ್ಯೆ ದಾಟಿಸಿದವು.

1930ರ ದಶಕದ ಕೊನೆಗೆ ಅಕ್ರಿಲಿಕ್ ಬಂದಿತು. ವಸಡಿನದೇ ಗುಲಾಬಿ ಬಣ್ಣ, ಹಗುರ, ರಿಪೇರಿಗೆ ಸುಲಭ. ಇಂದು ನಮ್ಮ ಊರುಗಳಲ್ಲಿ ಹಾಕಿಸಿಕೊಳ್ಳುವ ಸೆಟ್ ಬಹುತೇಕ ಅದೇ. ಅದಕ್ಕೊಂದು ದೋಷವಿದೆ. ಪುಡಿ, ದ್ರವ ಬೆರೆಸಿ ಬೇಯಿಸುವಾಗ ಗಾತ್ರದಲ್ಲಿ ಸುಮಾರು ಶೇಕಡಾ 7ರಷ್ಟು ಕುಗ್ಗುತ್ತದೆ. ಕುಗ್ಗಿದಾಗ ಅಂಗುಳದ ಹಿಂಭಾಗದ ನಡುವೆ ಸೆಟ್ ಮೇಲಕ್ಕೆ ಅಂಟದೆ ಸಂದು ಬಿಡುತ್ತದೆ. ಗಾಳಿ ಒಳನುಗ್ಗದಂತೆ ಅಂಚು ಮುಚ್ಚಬೇಕಾದ ಜಾಗವೇ ಅದು. ಒಳ್ಳೆಯ ದಂತವೈದ್ಯರು ಪ್ಲಾಸ್ಟರ್ ಅಚ್ಚಿನಲ್ಲೇ ಅಲ್ಲೊಂದು ಸಣ್ಣ ಗೀರು ತೋಡಿ ಸೆಟ್‌ನ ಅಂಚು ಉಬ್ಬುವಂತೆ ಮಾಡುತ್ತಾರೆ. ಆತುರದವರು ಬಿಡುತ್ತಾರೆ.

ಕೆಳದವಡೆಯ ಕಷ್ಟ ಇನ್ನೂ ದೊಡ್ಡದು. ಅಲ್ಲಿ ಅಂಗುಳವಿಲ್ಲ, ನಡುವೆ ನಾಲಿಗೆ. ಸೆಟ್‌ಗೆ ಸಿಗುವ ಜಾಗ ಮೇಲಿನದರ ಸುಮಾರು ಅರ್ಧ. ಲಂಡನ್ನಿನ ವಿಲ್ಫ್ರೆಡ್ ಫಿಶ್ 1933ರಲ್ಲಿ ಈ ವಿಷಯವನ್ನು ಹೊಸದಾಗಿ ನೋಡಿದರು. ವಸಡಿಗೆ ತಾಗುವ ಮೈಯಷ್ಟೇ ಅಲ್ಲ, ಕೆನ್ನೆಗೂ ನಾಲಿಗೆಗೂ ತಾಗುವ ನುಣುಪು ಮೈಯ ಆಕಾರವೂ ಸೆಟ್ಟನ್ನು ಹಿಡಿಯುತ್ತದೆ ಅಥವಾ ಕೆಡವುತ್ತದೆ ಎಂದರು. ಒಳಗಿನ ನಾಲಿಗೆಯ ತಳ್ಳು, ಹೊರಗಿನ ಕೆನ್ನೆಯ ತಳ್ಳು ಸಮವಾಗುವ ಸಾಲಿನಲ್ಲಿ ಹಲ್ಲು ನಿಲ್ಲಬೇಕು. ಇದೇ ಫಿಶ್ ಚರ್ಚಿಲ್‌ರ ದಂತವೈದ್ಯ. ರೇಡಿಯೊ ಕೇಳಿದ ಜಗತ್ತೆಲ್ಲ ಗುರುತಿಸುತ್ತಿದ್ದ ಚರ್ಚಿಲ್‌ರ ತೊದಲು ಸದ್ದು ಕಟ್ಟುಹಲ್ಲಿನಿಂದ ಕೆಡದಂತೆ ಮೇಲಿನ ಸೆಟ್ ರೂಪಿಸಿದರು. ಡೆರೆಕ್ ಕಡ್ಲಿಪ್ ಎಂಬ ಟೆಕ್ನಿಷಿಯನ್ ಅದನ್ನು ತಯಾರಿಸಿದ.

ಆದರೆ ಬಾಯಿ ನಿಂತಲ್ಲಿ ನಿಲ್ಲುವುದಿಲ್ಲ. ಹಲ್ಲು ಹೋದ ಮೇಲೆ ಎಲುಬು ಕರಗುತ್ತಲೇ ಇರುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ 25 ವರ್ಷ ಅದೇ ಜನರನ್ನು ಅಳೆದು 1972ರಲ್ಲಿ ಪ್ರಕಟಿಸಿದರು: ಕೆಳದವಡೆಯ ಏಣು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ. ಹಾಗಾಗಿ ಎಷ್ಟೇ ಚೆನ್ನಾಗಿ ಮಾಡಿದ ಸೆಟ್ಟೂ ಕೆಲವು ವರ್ಷಕ್ಕೊಮ್ಮೆ ಒಳಮೈ ತುಂಬಿಸಿಕೊಳ್ಳಬೇಕು. ಇದನ್ನು ಹಾಕಿಸಿಕೊಳ್ಳುವವರಿಗೆ ಹೇಳುವುದೇ ಇಲ್ಲ. ನಮ್ಮ ಸೋದರತ್ತೆ ಮದುವೆ ಮನೆಗೆ ಸೆಟ್ ಹಾಕಿಕೊಂಡು ಬರುತ್ತಾರೆ, ಎಲೆ ಹಾಕಿದ ಕೂಡಲೇ ಸೆರಗಿನ ಮರೆಯಲ್ಲಿ ತೆಗೆದು ಡಬ್ಬಿಗೆ ಹಾಕಿಕೊಳ್ಳುತ್ತಾರೆ. 'ಮಾತಿಗೆ ಬೇಕು ಕಣೋ, ಊಟಕ್ಕೆ ಬೇಡ' ಎನ್ನುತ್ತಾರೆ. ಕೋಸಂಬರಿಯ ಕ್ಯಾರೆಟ್ಟನ್ನು ಪಕ್ಕಕ್ಕೆ ಸರಿಸುತ್ತಾರೆ. ಹಣ ಕೊಟ್ಟು ಮಾಡಿಸಿದ ಹಲ್ಲು ಉಣ್ಣಲು ಬಾರದೆಂದು ಅವರು ಒಪ್ಪಿಕೊಂಡುಬಿಟ್ಟಿದ್ದಾರೆ, ಅದೇ ನನಗೆ ತಡೆಯಲಾಗದ್ದು.

ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಟೈಟಾನಿಯಂ ತಿರುಪನ್ನು ಮನುಷ್ಯನ ದವಡೆಗೆ ನೆಟ್ಟ ಮೇಲೆ ಹಿಡಿತದ ಪ್ರಶ್ನೆಗೆ ಇನ್ನೊಂದು ಉತ್ತರ ಸಿಕ್ಕಿತು. ಕೆಳದವಡೆಗೆ ಎರಡು ಇಂಪ್ಲಾಂಟ್ ನೆಟ್ಟು ಅದರ ಮೇಲೆ ಸೆಟ್ ಕೂರಿಸುವುದೇ ಮೊದಲ ಆಯ್ಕೆಯಾಗಲಿ ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್‌ನಲ್ಲಿ ಸೇರಿದ ತಜ್ಞರು ಹೇಳಿದರು. ಕೈಲಾಗುವವರು ಹಾಕಿಸಿಕೊಳ್ಳಲಿ. ಎಲ್ಲರ ಕೈಗೂ ಅದು ಎಟುಕುವುದಿಲ್ಲ, ಎಲ್ಲರ ಎಲುಬೂ ಅದಕ್ಕೆ ಒದಗುವುದಿಲ್ಲ. ಟೋಕಿಯೊದ ಜಿರೊ ಅಬೆ ಎಂಬ ದಂತವೈದ್ಯ ಇಂಪ್ಲಾಂಟ್ ಇಲ್ಲದೆಯೇ ಕೆಳಗಿನ ಸೆಟ್ಟಿನ ಸುತ್ತಂಚನ್ನು ಬಾಯಿಯ ಒಳಪೊರೆಯಿಂದ ಮುಚ್ಚಿಸಿ ಹೀರಿ ನಿಲ್ಲುವಂತೆ ಮಾಡುವ ಕ್ರಮವನ್ನು ರೂಪಿಸಿ ಕಲಿಸುತ್ತಿದ್ದಾರೆ. ಅದಕ್ಕೆ ಬೇಕಾದದ್ದು ಬಾಯಿ ಮುಚ್ಚಿಸಿಕೊಂಡು ತಾಳ್ಮೆಯಿಂದ ತೆಗೆದ ಅಚ್ಚು.

ಅಚ್ಚಿನಲ್ಲಿ ಬೇಯಿಸಿದಾಗ ಕುಗ್ಗುವ ಕಾಟ ತಪ್ಪಿಸಲು ಈಗ ಮೊದಲೇ ಗಟ್ಟಿಯಾದ ಅಕ್ರಿಲಿಕ್ ಬಿಲ್ಲೆಯನ್ನು ಕಂಪ್ಯೂಟರ್ ನಡೆಸುವ ಯಂತ್ರದಿಂದ ಕೊರೆದು ಸೆಟ್ ತೆಗೆಯುತ್ತಾರೆ. ಅಂಗುಳಕ್ಕೆ ಅದು ಹಳೆಯ ರೀತಿಯದಕ್ಕಿಂತ ಒತ್ತಾಗಿ ಕೂರುತ್ತದೆ. ಎರಕ ಬಿಟ್ಟು ಕೆತ್ತನೆಗೇ ಮರಳಿದಂತಾಯಿತು. ಯಂತ್ರ ಕೊರೆದುಕೊಟ್ಟ ಮೇಲೂ ಒಳಮೈಗೆ ಬಿಳಿ ಲೇಪ ಸವರಿ, ಬಾಯಿಗಿಟ್ಟು, ತೆಗೆದು, ಲೇಪ ಅಳಿಸಿಹೋದ ಕಡೆ ಹೆರೆಯಬೇಕು. ಅಷ್ಟು ಹೊತ್ತು ಕುರ್ಚಿಯ ಪಕ್ಕ ಕೂರುವ ದಂತವೈದ್ಯರು ನಮ್ಮ ಊರುಗಳಲ್ಲೂ ಇದ್ದಾರೆ. ಅಂಥವರೊಬ್ಬರ ಹತ್ತಿರ ಅತ್ತೆಯನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಡಬ್ಬಿಯಲ್ಲಿರುವ ಸೆಟ್ಟನ್ನೂ ಜೊತೆಗೆ.