ಮೇಲೆ ಉರಿ, ಕೆಳಗೆ ಹಿಮ

ಸಿಲಿಂಡರಿನ ಹೊಟ್ಟೆಯ ಸುತ್ತ ಬೆಳ್ಳಗೆ ಹಿಮ ಕಟ್ಟಿತ್ತು! ಎರಡು ಮಾರು ಆಚೆ ಅದೇ ಸಿಲಿಂಡರಿನ ಗ್ಯಾಸು ನೀಲಿ ಉರಿಯಾಗಿ ಭೋರ್ಗರೆಯುತ್ತಿತ್ತು. ಮಿಷಿಗನ್ನಿನಲ್ಲಿ ಗೆಳೆಯನ ಮನೆಯ ಹಿತ್ತಿಲು, ಅಕ್ಟೋಬರಿನ ಚಳಿ ಬೆಳಗು. ಬರ್ನರಿನ ಮೇಲೆ ಸ್ಟೀಲಿನ ಹಂಡೆ, ಅದರಲ್ಲಿ 25 ಲೀಟರ್ ಬಾರ್ಲಿ ಮಾಲ್ಟಿನ ಸಿಹಿ ರಸ. ಬಿಯರ್ ಮಾಡುವುದನ್ನು ನೋಡಲು ಹೋದ ನಾನು ಒಲೆ ಬಿಟ್ಟು ಕದಲಲೇ ಇಲ್ಲ.

“ಮುಟ್ಟಿ ನೋಡೋ” ಅಂದ. ಮುಟ್ಟಿದೆ. ಬೆರಳು ಜುಮ್ಮೆಂದಿತು.

ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ! ವಾಲ್ವ್ ತೆರೆದ ಕ್ಷಣದಿಂದ ಸಿಲಿಂಡರಿನೊಳಗೆ ಕುದಿತ ಶುರು. ಅದಕ್ಕೆ ಬೇಕಾದ ಶಾಖವನ್ನು ಆ ದ್ರವ ತನ್ನ ಮೈಯಿಂದ, ಸಿಲಿಂಡರಿನ ಉಕ್ಕಿನಿಂದ, ಸುತ್ತಲ ಗಾಳಿಯಿಂದ ಹೀರಿಕೊಳ್ಳುತ್ತದೆ. ಹಿಮದ ಗೆರೆ ಎಲ್ಲಿಗೆ ನಿಂತಿದೆಯೋ ಅಲ್ಲಿಯವರೆಗೆ ಗ್ಯಾಸು ಉಳಿದಿದೆ ಎಂದು ಲೆಕ್ಕ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಬ್ಯುಟೇನ್ ಕೂಡ ಬೆರೆತಿರುತ್ತದೆ. ಅದು ಸೊನ್ನೆಯ ಹತ್ತಿರವೇ ಕುದಿಯುವಂಥದ್ದು, ಹಿಮ ಬೀಳುವ ಊರಿನಲ್ಲಿ ಮೇಲೇಳುವುದೇ ಇಲ್ಲ.

ಈಗ ಬರ್ನರ್ ಆಯ್ದುಕೊಳ್ಳುವ ಮಾತು. ಅಂಗಡಿಯಲ್ಲಿ ಎಲ್ಲರ ಕಣ್ಣು ಬೀಳುವುದು ಬಿಟಿಯು ಅಂಕಿಯ ಮೇಲೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಮಾಡುವ ಶಾಖವೇ ಒಂದು ಬಿಟಿಯು. ಗೆಳೆಯನದು ಗಂಟೆಗೆ 60,000ದ್ದು. ಅಲ್ಲೇ ಕೂತು ಲೆಕ್ಕ ಹಾಕಿದೆ. 25 ಲೀಟರನ್ನು 65 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವವರೆಗೆ ಏರಿಸಲು ಸುಮಾರು 3,500 ಬಿಟಿಯು ಸಾಕು. ಎಂದರೆ ಮೂರೂವರೆ ನಿಮಿಷ! ಗಡಿಯಾರ ನೋಡಿದರೆ ಹತ್ತು ನಿಮಿಷ ದಾಟಿದರೂ ಕುದಿಯಿಲ್ಲ. ಉಳಿದ ಬೆಂಕಿಯೆಲ್ಲ ಎಲ್ಲಿಗೆ ಹೋಯಿತು? ಹಂಡೆಯ ಪಕ್ಕೆ ಸವರಿಕೊಂಡು ಆಕಾಶಕ್ಕೆ! ಆಗ ಹೊಳೆಯಿತು: ಆಯ್ದುಕೊಳ್ಳಬೇಕಾದದ್ದು ದೊಡ್ಡ ಅಂಕಿಯನ್ನಲ್ಲ, ಹಂಡೆಯ ತಳದಡಿಯಲ್ಲೇ ಹರಡಿ ನಿಲ್ಲುವ ಉರಿಯನ್ನು, ಗಾಳಿಗೆ ಮರೆ ಇರುವ ಚೌಕಟ್ಟನ್ನು, ತುಂಬಿದ ಹಂಡೆ ಹೊತ್ತರೂ ಅಲುಗದ ಕಾಲುಗಳನ್ನು. ಅತಿದೊಡ್ಡ ಬರ್ನರ್ ಚಿಕ್ಕ ಸಿಲಿಂಡರನ್ನು ಎಷ್ಟು ಬೇಗ ತಣ್ಣಗಾಗಿಸುತ್ತದೆಂದರೆ, ಒತ್ತಡ ಕುಸಿದು ಉರಿಯೇ ಸೊರಗುತ್ತದೆ.

ಉರಿಯ ಬಣ್ಣವೂ ಮಾತಾಡುತ್ತದೆ. ಹಳದಿಯಾದರೆ ಗಾಳಿ ಸಾಲದು, ಹಂಡೆಯ ತಳಕ್ಕೆ ಮಸಿ. ಬರ್ನರಿನ ಬುಡದಲ್ಲಿ ಗಾಳಿಗೆಂದು ಒಂದು ಕಿಂಡಿ, ಅದಕ್ಕೊಂದು ತಿರುಗುವ ಮುಚ್ಚಳ. ನಡುವೆ ಹಳದಿ ಇಣುಕಿದಾಗ ಗೆಳೆಯ ಅದನ್ನು ಕೂದಲೆಳೆಯಷ್ಟು ಸರಿಸಿದ, ಉರಿ ಥಟ್ಟನೆ ಮತ್ತೆ ನೀಲಿಯಾಯಿತು! ಮಳೆ ಬಂದರೂ ಈ ಬರ್ನರನ್ನು ಗ್ಯಾರೇಜಿನೊಳಗೆ ಹಚ್ಚಕೂಡದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಸೋರಿದ ಪ್ರೊಪೇನ್ ಗಾಳಿಗಿಂತ ಭಾರ, ನೆಲಕ್ಕಂಟಿ ಕಿಡಿಗಾಗಿ ಕಾಯುತ್ತದೆ.



ಕುದಿ ಬಂತು. ಕಂದು ನೊರೆ ಒಮ್ಮೆಲೇ ಅಂಚಿಗೇರಿತು! ಒಳ್ಳೆಯ ಬರ್ನರಿನ ಗುಣ ಕಂಡದ್ದು ಆಗ. ಗೆಳೆಯ ರೆಗ್ಯುಲೇಟರನ್ನು ಕಾಲು ಸುತ್ತು ತಿರುಗಿಸಿದ, ಉರಿ ಆರದೆ ತಗ್ಗಿತು, ನೊರೆ ನಿಧಾನವಾಗಿ ಕೆಳಗಿಳಿಯಿತು. ಇನ್ನು ಒಂದು ಗಂಟೆ ಬಿಡದೆ ಕುದಿಯಬೇಕು. ಹಾಪ್ಸ್ ಎಂಬ ಹೂವಿನ ಕಹಿ ರಸಕ್ಕಿಳಿಯುವುದು, ಮಾಲ್ಟಿನ ಕೆಟ್ಟ ವಾಸನೆ ಆವಿಯಾಗಿ ಹೋಗುವುದು ಆ ಕುದಿಯಲ್ಲೇ. ಅವನು ಹಾಪ್ಸಿನ ಹಸಿರು ಉಂಡೆಗಳನ್ನು ಸುರಿದ. ಹಿತ್ತಿಲೆಲ್ಲ ಘಮ್ಮೆಂದಿತು.